ಶೀಟ ಬಿಡು

ಮೊನ್ನೆ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದೆ. ಮಚ್ಛೆಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿದವರು ಹತ್ತಿಕೊಂಡ ಮೇಲೆ ಕಂಬ ಹಿಡಿಯುವ ಅಗತ್ಯವೂ ಉಳಿಯಲಿಲ್ಲ, ಜನವೇ ನನ್ನನ್ನು ಹಿಡಿದುಕೊಂಡಿದ್ದರು. ಆಗ ಕಂಡಕ್ಟರ್ ನನ್ನ ನೆರೆತ ಕೂದಲನ್ನು ನೋಡಿ, ಕಿಟಕಿಯ ಬಳಿ ಕೂತಿದ್ದ ಕಾಲೇಜು ಹುಡುಗಿಗೆ, "ಏ ತಂಗೀ, ಆಯಿಗೆ ಶೀಟ ಬಿಡವಾ" ಅಂದ. ಮರಾಠಿಯಲ್ಲಿ ಆಯಿ ಎಂದರೆ ತಾಯಿ, ನಮ್ಮ ಕಡೆಯ ಕನ್ನಡದಲ್ಲಿ ಅಜ್ಜಿ. ಅವನು ಅಂದದ್ದು ಮರಾಠಿಯ ಆಯಿಯೇ ಇರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹುಡುಗಿ ಎದ್ದಳು, ನಾನು ಕೂತೆ. ಕೂತ ಮೇಲೆ ತಡೆಯಲಾರದಷ್ಟು ನಗು ಬಂತು. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು. ಅವಳಿಗೆ ಏನೆಂದು ಹೇಳಲಿ? ಈ ‘ಶೀಟ ಬಿಡು’ ಎಂಬ ಎರಡು ಮಾತಿನಿಂದ ನಾನೊಮ್ಮೆ ನಂದಗಡದ ಆಚೆಯ ಕೆರೆಯಲ್ಲಿ ಬಿದ್ದಿದ್ದೆ ಎಂದರೆ ಅವಳು ನಂಬುತ್ತಿರಲಿಲ್ಲ. ನೀವಾದರೂ ನಂಬಿ. ಖಾನಾಪುರ ಬರುವುದರೊಳಗೆ ಹೇಳಿ ಮುಗಿಸುತ್ತೇನೆ.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಹಿಂಡಲಗಾದ ಒಂದು ಸಣ್ಣ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಆಗ ಹಿಂಡಲಗಾದಲ್ಲಿ ಇದ್ದೇನೆ ಎಂದರೆ ಜನ ಮೊದಲು ಕೇಳುತ್ತಿದ್ದದ್ದು, "ಎಷ್ಟ ವರ್ಷ ಆತು?" ಎಂದು. ಜೈಲು ಇರುವ ಊರಿನಲ್ಲಿ ಬಾಡಿಗೆಗಿರುವವರಿಗೆ ಈ ಚೇಷ್ಟೆ ತಪ್ಪಿದ್ದಲ್ಲ. ನನಗೆ ಹಿತ್ತಲಿನ ಒಂದು ಕೋಣೆ ಕೊಟ್ಟವರು ಮಾರುತಿ ಕಾಕಾ ಮತ್ತು ಅವರ ಹೆಂಡತಿ ಸುಶೀಲಾ ಕಾಕು. ಕಾಕಾ ಖಾನಾಪುರ ಸೀಮೆಯ ಒಕ್ಕಲು ಮನೆತನದವರು, ಆದರೆ ವಯಸ್ಸಿನ ಕಾಲವನ್ನೆಲ್ಲ ನೌಕಾಪಡೆಯ ಹಡಗುಗಳಲ್ಲಿ ಕಳೆದು ನಿವೃತ್ತರಾಗಿದ್ದರು. ಅವರ ಅಂಗಳಕ್ಕೆ ಕಾಲಿಟ್ಟ ದಿನವೇ ನನಗೆ ಕಂಡದ್ದು ಮಗುಚಿಟ್ಟ ಒಂದು ದೋಣಿ. ಸಮುದ್ರವಿಲ್ಲದ ಬೆಳಗಾವಿಯಲ್ಲಿ, ಹೇಳಿಕೊಳ್ಳುವಂಥ ನದಿಯೂ ಇಲ್ಲದ ಹಿಂಡಲಗಾದಲ್ಲಿ ಒಂದು ದೋಣಿ. ಅದರ ಕೆಳಗಿನಿಂದ ಕೋಳಿಗಳು ಒಂದೊಂದಾಗಿ ಹೊರಗೆ ಬಂದು ನನ್ನನ್ನು ನೋಡಿ ಹೋದವು.

ಅದು ಹಾಯಿದೋಣಿ. ಗೋವೆಯಲ್ಲಿ ಯಾರೋ ಬೇಡವೆಂದು ಬಿಟ್ಟದ್ದನ್ನು ಕಾಕಾ ಟೆಂಪೋದ ಮೇಲೆ ಹಾಕಿ ಘಟ್ಟ ಹತ್ತಿಸಿಕೊಂಡು ಬಂದಿದ್ದರು. ಬಂದ ಮೇಲೆ ಏಳು ವರ್ಷ ಅದು ಅಂಗಳ ಬಿಟ್ಟಿರಲಿಲ್ಲ. ಹಾಗೆಂದು ಸುಮ್ಮನೆಯೂ ಇರಲಿಲ್ಲ. ಹಾಯಿಯ ಕೆಳ ಅಂಚಿಗೆ ಇರುವ ಅಡ್ಡ ಕೋಲಿನ ಮೇಲೆ ಕಾಕು ಬಟ್ಟೆ ಒಣಹಾಕುತ್ತಿದ್ದರು. ಬಿಳಿಯ ದೊಡ್ಡ ಹಾಯಿಯನ್ನು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿ, ಅದರ ಮೇಲೆ ಬ್ಯಾಡಗಿ ಮೆಣಸಿನಕಾಯಿ, ಶಾವಿಗೆ, ಹಪ್ಪಳ. ಒಂದು ಮೂಲೆಯಲ್ಲಿ ಅರಿಶಿನದ ಕಲೆ ಖಾಯಂ ಆಗಿತ್ತು.

"ಇವರು ಅರ್ಧ ಆಯುಷ್ಯ ನೀರಾಗ ಇದ್ರು, ನಾ ನೆಲದಾಗ ಇದ್ದೆ" ಎಂದು ಕಾಕು ನನಗೆ ಮೊದಲ ವಾರವೇ ಹೇಳಿದ್ದರು. "ಈಗರೆ ಮನಿಗೆ ಬಂದ್ರು ಅಂತ ನಾ ಖುಷಿ ಪಟ್ರ, ಜೋಡಿ ಸವತಿನ್ನೂ ಕರಕೊಂಡ ಬಂದಾರ. ನಾ ಅದರಾಗ ಕುಂದರಾಕಿ ಅಲ್ಲ. ಬೇಕಾದ್ರ ಕೋಳಿ ಕುಂದರಲಿ."

ಕಾಕಾರ ತೊಂದರೆ ಅದೇ ಆಗಿತ್ತು. ಅವರ ಬಲ ಮೊಣಕಾಲು ಮಡಿಸಲು ಬರುತ್ತಿರಲಿಲ್ಲ. ಒಬ್ಬರು ಚುಕ್ಕಾಣಿ ಹಿಡಿದರೆ ಹಾಯಿಯ ಹಗ್ಗ ಹಿಡಿಯಲು ಇನ್ನೊಬ್ಬರು ಬೇಕು. ಹೆಂಡತಿ ಒಲ್ಲೆನೆಂದಿದ್ದರು, ಮಕ್ಕಳಿರಲಿಲ್ಲ, ಓಣಿಯ ಜನಕ್ಕೆ ಅದೊಂದು ಕೋಳಿಗೂಡು. ಒಂದು ಸಂಜೆ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಕಾಕಾ ದೋಣಿಗೆ ಬಣ್ಣ ಹಚ್ಚುತ್ತಿದ್ದವರು ತಲೆ ಎತ್ತದೆ ಕೇಳಿದರು.

"ಗಿರಿಜಾ, ಈಜಾಕ ಬರತೈತೇನು ನಿನಗ?"

"ಯಾಕ್ರಿ ಕಾಕಾ?"

"ಈಜು ಬರದವರನ್ನ ನಾ ಬೋಟಿನ್ಯಾಗ ಹತ್ತಿಸಂಗಿಲ್ಲ. ಅದಕ್ಕ ಕೇಳಿದೆ. ಬರತೈತಿ ಅಂದ್ರ, ಒಂದ ದಿನ ನೀರಿಗಿ ಇಳಸೂಣು ಅಂತ."

"ಬರತೈತ್ರಿ" ಅಂದುಬಿಟ್ಟೆ.

ನನಗೆ ಈಜು ಬರುತ್ತಿರಲಿಲ್ಲ. ಈಜುವುದಿರಲಿ, ನಾನು ಇಪ್ಪತ್ಮೂರು ವರ್ಷದಲ್ಲಿ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದವಳೇ ಅಲ್ಲ. ಇದರ ಹಿಂದೆ ಒಬ್ಬ ಬುಡಬುಡಿಕೆಯವನಿದ್ದಾನೆ.

ನಾನು ಮೂರು ತಿಂಗಳ ಕೂಸಾಗಿದ್ದಾಗ ಒಂದು ಮುಂಜಾನೆ ಅವನು ಖಾನಾಪುರದ ನಮ್ಮ ಮನೆಯ ಮುಂದೆ ನಿಂತು, "ಈ ಕೂಸಿಗೆ ನೀರಿನ ಕಂಟಕ ಐತಿ ತಾಯೀ, ಒಮ್ಮೆ ನೀರು ಕರೀತೈತಿ" ಎಂದು ಹೇಳಿ, ಅಪ್ಪನ ಮದುವೆಯ ಕೋಟನ್ನು ಇಸಿದುಕೊಂಡು ಹೋದನಂತೆ. ನಮ್ಮದು ಬಸವಣ್ಣನನ್ನು ನಂಬಿದ ಮನೆ. ಶಕುನ, ಪಂಚಾಂಗ, ಕಣಿ ಎಲ್ಲ ಸುಳ್ಳು ಎಂದು ದಿನಾ ಬೆಳಿಗ್ಗೆ ಅವ್ವ ವಚನದ ಮೂಲಕ ಹೇಳುತ್ತಿದ್ದಳು. ವಚನ ಮುಗಿದ ಮೇಲೆ ನನ್ನ ಸ್ನಾನದ ಬಕೀಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿದೆಯೇ ಎಂದು ನೋಡಿ ಹೋಗುತ್ತಿದ್ದಳು. ಎರಡೂ ಮಾಡುತ್ತಿದ್ದವಳು ಒಬ್ಬಳೇ ಅವ್ವ.

ನಾನು ಅಂಬೆಗಾಲಿಡಲು ಶುರುಮಾಡಿದ ದಿನ ಹಿತ್ತಲಿನ ಬಾವಿಗೆ ಅವ್ವ ತಗಡಿನ ಶೀಟು ಮುಚ್ಚಿಸಿದಳು. ಅದರ ಮೇಲೆ ಒಂದು ಹಳೆಯ ಒರಳುಕಲ್ಲು. ಸಿಹಿನೀರಿನ ಬಾವಿ, ಅರ್ಧ ಓಣಿ ಅದರ ನೀರು ಕುಡಿಯುತ್ತಿತ್ತು. ಎಲ್ಲರೂ ನಳದ ಮುಂದೆ ಸಾಲು ಹಚ್ಚುವಂತಾಯಿತು. ಬಯ್ದವರು ಬಯ್ದರು, ಅವ್ವ ಶೀಟು ತೆಗೆಯಲಿಲ್ಲ. ಮಲಪ್ರಭೆಯ ಸೇತುವೆ ದಾಟುವಾಗ ನನ್ನ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳೆಂದರೆ ಆಚೆ ದಡ ಮುಟ್ಟಿದಾಗ ನಾಲ್ಕು ಬೆರಳಿನ ಗುರುತು ಕೆಂಪಗೆ ಮೂಡಿರುತ್ತಿತ್ತು. ನಾನು ಕಾಲೇಜಿಗೆ ಹೋಗುವಾಗಲೂ ಅಷ್ಟೇ. ಮಳೆಗಾಲದಲ್ಲಿ ಓಣಿಯ ಮಕ್ಕಳು ಹರಿಯುವ ನೀರಿನಲ್ಲಿ ಕಾಗದದ ದೋಣಿ ಬಿಡುತ್ತಿದ್ದರು. ನಾನು ಕಟ್ಟೆಯ ಮೇಲೆ ಕೂತು ಅವರಿಗೆಲ್ಲ ದೋಣಿ ಮಾಡಿಕೊಡುತ್ತಿದ್ದೆ. ಎರಡು ಮೊನೆಯದು, ಕತ್ತಿಯದು, ಹಾಯಿಯದು, ಎಲ್ಲ ನನಗೆ ಬರುತ್ತಿತ್ತು. ಮಾಡುವವಳು ನಾನು, ಬಿಡುವವರು ಬೇರೆಯವರು. ಕಾಕಾರ ದೋಣಿ ನೋಡಿದಾಗ ಬಾಯಿಂದ ಆ ಸುಳ್ಳು ಬಂದದ್ದು ಎಲ್ಲಿಂದ ಎಂದು ಈಗ ನಿಮಗೆ ತಿಳಿದಿರಬೇಕು.

ಸುಳ್ಳು ಹೇಳಿದ ಮೇಲೆ ನಿದ್ದೆ ಕೆಟ್ಟಿತು. ಮಾರನೆಯ ದಿನ ಕಾಕಾ ಪೆಟ್ಟಿಗೆಯಿಂದ ಎರಡು ಕೇಸರಿ ಬಣ್ಣದ ತೇಲುವ ಜಾಕೀಟು ತೆಗೆದು ಬಿಸಿಲಿಗೆ ಹಾಕಿದಾಗ ಸ್ವಲ್ಪ ಧೈರ್ಯ ಬಂತು. ಒಂದರ ಕಾಲರನ್ನು ಇಲಿ ತಿಂದಿದ್ದನ್ನು ನೋಡಿ ಆ ಧೈರ್ಯವೂ ಹೋಯಿತು. ಆದರೆ ಕಾಕಾರ ಮುಖ ನೋಡಿ ನಿಜ ಹೇಳಲು ಆಗಲಿಲ್ಲ. ಏಳು ವರ್ಷದ ಮೇಲೆ ಆ ಮನುಷ್ಯ ಶಿಳ್ಳೆ ಹಾಕುತ್ತ ಓಡಾಡುತ್ತಿದ್ದರು. ಕಾಕು ಕೂಡ, "ಹೋಗಿ ಬರ್ರಿ ಒಮ್ಮಿ, ನನ್ನ ಅಂಗಳ ಸಾಪ್ ಆಗತೈತಿ" ಎಂದು ಮೆಣಸಿನಕಾಯಿ ತೆಗೆದು ಹಾಯಿ ಬಿಟ್ಟುಕೊಟ್ಟರು.

ಹದಿನೈದು ದಿನ ಅಂಗಳದಲ್ಲಿಯೇ ಪಾಠ ನಡೆಯಿತು. ದೋಣಿಯನ್ನು ಅಂಗಾತ ಇಟ್ಟು, ಕಂಬ ನಿಲ್ಲಿಸಿ, ಹಾಯಿ ಏರಿಸುವುದು, ಇಳಿಸುವುದು, ಮಡಿಸುವುದು. ಹಾಯಿ ಎಂದರೆ ಮೂರು ಮೂಲೆಯ ಬಟ್ಟೆ. ಮೂರು ಮೂಲೆಗೂ ಇಂಗ್ಲಿಷಿನಲ್ಲಿ ಒಂದೊಂದು ಹೆಸರು. ಅವು ನನ್ನ ತಲೆಗೆ ಹತ್ತಲಿಲ್ಲ. ಕಾಕಾ ಎರಡು ದಿನ ನೋಡಿ ಮೂರನೆಯ ದಿನ ಉಪಾಯ ಕಂಡುಕೊಂಡರು. "ಇದನ್ನ ಸೀರಿ ಅಂತ ತಿಳಿ. ಮ್ಯಾಲ ಏರೂದು ತಲಿ. ಇಲ್ಲಿ ಕಂಬದ ಬುಡಕ್ಕ ಕಟ್ಟೂದು ನಡುವಿನ ಗಂಟು. ಅಲ್ಲಿ ಕೋಲಿನ ತುದಿಗೆ ಎಳದು ಕಟ್ಟೂದು ಸೆರಗು. ಮೊದಲ ಗಂಟು, ಆಮ್ಯಾಲ ಸೆರಗು, ಕಡೀಕ ತಲಿ."

ಒಳಗಿನಿಂದ ಕಾಕು, "ಮೂವತ್ತ ವರ್ಷದಾಗ ನನ್ನ ಸೀರಿ ಬಣ್ಣ ಯಾವದು ಅಂತ ಗೊತ್ತಿಲ್ಲ, ಹಡಗಿಗೆ ಉಡಸಾಕ ಬರತೈತಿ" ಅಂದರು. ಕಾಕಾ ಕೇಳಿಸಿಯೂ ಕೇಳಿಸದವರಂತೆ ಸೆರಗು ಎಳೆದರು.

ನಾನು ಪೂರ್ತಿ ದಡ್ಡಿಯೇನಲ್ಲ. ಹಾಯಿಯ ಮುಂದಿನ ಅಂಚಿಗೆ ಒಳಗೆ ಹಗ್ಗ ಇಟ್ಟು ಹೊಲಿದಿರುತ್ತಾರೆ. ಆ ಅಂಚು ಕಂಬದಲ್ಲಿರುವ ಉದ್ದನೆಯ ಸೀಳಿನೊಳಗೆ ಜಾರುತ್ತ ಮೇಲೇರಬೇಕು. ಏಳು ವರ್ಷದ ಮೆಣಸಿನಪುಡಿ ಕೂತ ಹಾಯಿ ಅರ್ಧಕ್ಕೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಪರಕಾರಕ್ಕೆ, ಅಂದರೆ ಒಳಲಂಗಕ್ಕೆ, ಲಾಡಿ ಪೋಣಿಸಿದ ಯಾವ ಹೆಂಗಸಿಗೂ ಇದು ಹೊಸದಲ್ಲ. ನಾನು ಅಂಚಿಗೆ ಒಣ ಸಾಬೂನು ತಿಕ್ಕಿದೆ, ಹಾಯಿ ಸರ್ರನೆ ಏರಿತು. ಹಾಯಿ ಮುದುಡದಂತೆ ಅಡ್ಡಕ್ಕೆ ಪಟ್ಟಿಗಳನ್ನು ತೂರಿಸಬೇಕು, ಅದರಲ್ಲಿ ಒಂದು ಕಳೆದುಹೋಗಿತ್ತು. ಶಾಲೆಯಿಂದ ಒಂದು ಮೀಟರಿನ ಕಟ್ಟಿಗೆಯ ಸ್ಕೇಲು ತಂದು ತೂರಿಸಿದೆ. ಕಾಕಾ, "ಭೇಷ್" ಅಂದರು. ನನ್ನ ವಿದ್ಯಾರ್ಥಿಗಳು ಆ ಸ್ಕೇಲು ಹಾಯಿಯಲ್ಲೇ ಇರಲಿ ಎಂದು ಬೇಡಿಕೊಂಡಿರಬೇಕು.

ಆದರೆ ಗಂಟಿನಲ್ಲಿ ಸೋತೆ. ಹಗ್ಗ ರಾಟೆಯಂಥ ಗಡಗಡಿಯೊಳಗಿಂದ ಜಾರಿ ಹೋಗಬಾರದೆಂದು ತುದಿಗೆ ಎಂಟರ ಆಕಾರದ ಗಂಟು ಹಾಕಬೇಕು. "ಎಂಟು ಬರದಂಗ ಹಗ್ಗ ತಿರುವು, ಆಯ್ತು" ಎಂದು ಕಾಕಾ ಒಳಗೆ ಚಹಾ ಕುಡಿಯಲು ಹೋದರು. ನಾನು ಕನ್ನಡ ಟೀಚರು. ದಿನಾ ಕಪ್ಪುಹಲಗೆಯ ಮೇಲೆ ಬರೆಯುವ ಎಂಟನ್ನೇ ಬರೆದೆ, ೮. ಹಗ್ಗ ಎಳೆದರೆ ಗಂಟೇ ಇಲ್ಲ, ಸುರುಳಿ ಬಿಚ್ಚಿಕೊಂಡು ಗಡಗಡಿಯಿಂದ ಹೊರಬಿತ್ತು. ಹತ್ತು ಸಲ ಬರೆದೆ, ಹತ್ತು ಸಲ ಬಿತ್ತು.

"ಇದು ಯಾವ ಎಂಟವಾ?" ಕಾಕಾ ಬಂದು ಕೇಳಿದರು.

"ಕನ್ನಡದ್ದರಿ."

ಅವರು ನೆಲದ ಮೇಲೆ ಬೆರಳಿನಿಂದ ಬರೆದು ನೋಡಿದರು. ಆಮೇಲೆ ಮರಾಠಿಯ ಎಂಟನ್ನು ಬರೆದು ನೋಡಿದರು. "ಖರೇ ಐತಿ. ನಮ್ಮ ಎರಡೂ ಎಂಟು ಬಾಯಿ ತಕ್ಕೊಂಡ ಕುಂತಾವು. ಇದರ ಸಲುವಾಗಿ ಜಗಳಾಡಿದ್ದ ಬಂತು, ಹಗ್ಗಕ್ಕ ಎರಡೂ ಉಪಯೋಗಿಲ್ಲ. ಇಂಗ್ಲಿಷಿಂದ ಬರಿ."

ಕೊನೆಯ ಪಾಠ ಎಲ್ಲಕ್ಕಿಂತ ಮುಖ್ಯವಾದದ್ದು, ಹಾಯಿಯನ್ನು ಹಿಡಿತದಲ್ಲಿಡುವ ಹಗ್ಗದ್ದು. "ಗಾಳಿ ಜೋರಾತಂದ್ರ ಈ ಹಗ್ಗ ಬಿಟ್ಟಬಿಡಬೇಕು. ಬಿಟ್ರ ಶೀಡ ಬಾಗಲ ತಗದಂಗ ತಗೀತೈತಿ, ಗಾಳಿ ತನ್ನ ಪಾಡಿಗೆ ಹೊಕ್ಕೈತಿ. ಹಿಡಕೊಂಡ ಕುಂತ್ರ ಬೋಟ ಮಗಚತೈತಿ. ಕೈಗೆ ಸುತಗೋಬ್ಯಾಡ, ಎಲ್ಲೂ ಕಟ್ಟಬ್ಯಾಡ. ಇದರ ಹೆಸರು ಶೀಟ."

"ಶೀಟ ಅಂದ್ರ ಚಾದರ ಅಲ್ರಿ ಕಾಕಾ?"

"ಹಡಗದಾಗ ಹಗ್ಗಕ್ಕ ಶೀಟ ಅಂತಾರ. ಹಾಯಿಗೆ ಮರಾಠಿಯೊಳಗ ಶೀಡ. ಶೀಡ ಬಟ್ಟಿ, ಶೀಟ ಹಗ್ಗ. ನಾ ‘ಶೀಟ ಬಿಡು’ ಅಂದ ಕೂಡ್ಲೆ ಬಿಡಬೇಕು, ವಿಚಾರ ಮಾಡ್ಕೋತ ಕೂಡಬಾರದು."

ತಿಳಿಯಿತೆಂದು ತಲೆಯಾಡಿಸಿದೆ. ನಮ್ಮ ಕಡೆ ಬಸ್ಸಿನ ಸೀಟಿಗೂ ಶೀಟು, ಹಾಸುವ ಚಾದರಕ್ಕೂ ಶೀಟು, ಮನೆ ಮೇಲಿನ ತಗಡಿಗೂ ಶೀಟು. ಅದರ ಜೊತೆ ಹಗ್ಗವೂ ಇರಲಿ ಬಿಡು ಎಂದುಕೊಂಡೆ.

ಶಾಲೆಗೆ ರಜೆ ಇದ್ದ ಒಂದು ಬೆಳಿಗ್ಗೆ ದೋಣಿ ಟೆಂಪೋ ಏರಿತು. ನಂದಗಡದ ಆಚೆ ಕಾಕಾರ ಪರಿಚಯದವರ ಊರಿನ ಕೆರೆಗೆ ಹೋಗುವುದೆಂದು ಠರಾಯಿಸಿದ್ದರು. ಅಲ್ಲಿಗೆ ಹೋಗಬೇಕಾದರೆ ಖಾನಾಪುರದ ಪೇಟೆಯನ್ನು ದಾಟಲೇಬೇಕು. ಅಲ್ಲಿ ಅವ್ವ ಇದ್ದಾಳೆ! ನಾನು ಹಿಂದೆ ದೋಣಿಯ ಜೊತೆ ಕೂತಿದ್ದೆ. ಊರು ಬರುತ್ತಲೇ ಹಾಯಿಯನ್ನು ತಲೆಯ ಮೇಲೆ ಎಳೆದುಕೊಂಡು ಮಲಗಿಬಿಟ್ಟೆ. ಕಾಕಾರಿಗೆ ಸರಿಯಾಗಿ ಅಲ್ಲಿಯೇ ಚಹಾ ಬೇಕಾಯಿತು. ಮೆಣಸಿನಪುಡಿಯ ಘಾಟು ಮೂಗಿಗೇರಿ ನಾನು ಒಂದರ ಹಿಂದೆ ಒಂದು ಎಂಟು ಸಲ ಸೀನಿದೆ. ಹೊರಗೆ ಯಾರೋ, "ಲೇ, ಹಡಗ ಸೀನಾಕತ್ತೈತಿ" ಎಂದು ಇನ್ನೊಬ್ಬರನ್ನು ಕರೆಯುತ್ತಿದ್ದರು. ಅವರೆಲ್ಲ ಬರುವುದರೊಳಗೆ ಟೆಂಪೋ ಹೊರಟಿತು, ಬದುಕಿದೆ.

ಕೆರೆ ದೊಡ್ಡದಿತ್ತು. ದಂಡೆಯಲ್ಲಿ ಒಬ್ಬ ಮುದುಕ ಎಮ್ಮೆಗಳನ್ನು ನೀರಿಗೆ ಬಿಟ್ಟು ಬೀಡಿ ಸೇದುತ್ತಿದ್ದ. ನಾವು ಕಂಬ ನಿಲ್ಲಿಸಿ, ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ, ಗಂಟು, ಸೆರಗು ಕಟ್ಟಿ ಹಾಯಿಯ ತಲೆ ಏರಿಸತೊಡಗಿದಾಗ ಅವನು, "ಲಗ್ನದ ಪೆಂಡಾಲ ಏನ್ರಿ?" ಎಂದು ಕೇಳಿದ. ಹಾಯಿ ಏರಿತು. ಪಟಪಟ ಬಡಿದು ಉಳಿದ ಖಾರವನ್ನೆಲ್ಲ ನಮ್ಮ ಮೇಲೆ ಕೊಡವಿತು. ಕಾಕಾ ಕಣ್ಣೊರೆಸಿಕೊಂಡರು. ಅದು ಪೂರ್ತಿ ಮೆಣಸಿನ ನೀರಲ್ಲ ಎಂದು ನನಗೆ ಅನಿಸಿತು.

ನೀರಿಗೆ ಇಳಿದ ಮೇಲಿನ ಮೊದಲ ಹತ್ತು ನಿಮಿಷವನ್ನು ನಾನು ಇವತ್ತಿಗೂ ಯಾರಿಗೂ ಸರಿಯಾಗಿ ಹೇಳಲಾರೆ. ಇಂಜಿನ್ನಿಲ್ಲ, ಹುಟ್ಟಿಲ್ಲ, ಆದರೂ ದಂಡೆ ಹಿಂದೆ ಹೋಗುತ್ತಿದೆ. ಕಾಗದದ ದೋಣಿ ಮಾಡಿಕೊಟ್ಟ ಹುಡುಗಿ ದೋಣಿಯ ಒಳಗೇ ಕೂತಿದ್ದಾಳೆ. ಕೇಸರಿ ಜಾಕೀಟು ತೊಟ್ಟು, ಹಲಗೆಯ ಮೇಲೆ ಕೂತು, ಶೀಟ ಹಿಡಿದು, ನಾನು ಬಾಯಿ ತೆರೆದು ನಗುತ್ತಿದ್ದೆ. ಅಡಿಯಲ್ಲಿ ಎಷ್ಟು ನೀರಿದೆ ಎಂಬುದು ಮರೆತುಹೋಗಿತ್ತು. ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡದ್ದೂ ನೆನಪಿರಲಿಲ್ಲ.

ಅಷ್ಟರಲ್ಲಿ ಗುಡ್ಡದ ಸಂದಿಯಿಂದ ಒಂದು ಗಾಳಿ ನುಗ್ಗಿತು. ದೋಣಿ ಒಂದು ಕಡೆಗೆ ವಾಲಿತು.

"ಶೀಟ ಬಿಡು!" ಕಾಕಾ ಕೂಗಿದರು.

ಮೂರು ವರ್ಷ ಖಾನಾಪುರದಿಂದ ಬೆಳಗಾವಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡಿದವಳು ನಾನು. ಬಸುರಿಯರಿಗೆ, ಮುದುಕರಿಗೆ, ಬುಟ್ಟಿ ಹೊತ್ತ ಹೆಂಗಸರಿಗೆ ಎಷ್ಟು ಸಲ ಎದ್ದಿದ್ದೇನೋ. ಗಂಡು ದನಿಯಲ್ಲಿ ‘ಶೀಟ ಬಿಡು’ ಎಂದು ಕೇಳಿದ ಕೂಡಲೇ ಏಳುವುದು ನನ್ನ ಮೈಗೆ ಅಂಟಿದ ಮರ್ಯಾದೆ. ಕಾಕಾ ಹೇಳಿದಂತೆ ನಾನು ವಿಚಾರ ಮಾಡುತ್ತ ಕೂಡಲಿಲ್ಲ. ತಟ್ಟನೆ ಎದ್ದು ನಿಂತೆ.

"ಶೀಟ! ಶೀಟ ಬಿಡು ಅಂದ್ರ!"

ಹಲಗೆಯ ಮೇಲೆ ಇನ್ನೂ ನನ್ನ ಸೀರೆಯ ಸೆರಗು ಉಳಿದಿದೆಯೇನೋ ಎಂದು ಅದನ್ನೂ ಎಳೆದುಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ಆ ಪಕ್ಕದಲ್ಲಿ ದೋಣಿ ಇರಲಿಲ್ಲ.

ನೀರು ಮುಚ್ಚಿಕೊಂಡಿತು. ಹಸಿರು, ತಣ್ಣಗೆ, ಕಿವಿಯಲ್ಲಿ ಗುಂಯ್ ಎಂಬ ಸದ್ದು. ಆ ಕ್ಷಣ ನನಗೆ ಕಂಡದ್ದು ನಾನು ಯಾವತ್ತೂ ನೋಡಿರದ ಆ ಬುಡಬುಡಿಕೆಯವನು, ಅಪ್ಪನ ಕೋಟು ಹಾಕಿಕೊಂಡು. ಸತ್ತೆ ಎಂದುಕೊಂಡೆ. ನನಗಿಂತ ಹೆಚ್ಚು ಅವ್ವನದೇ ಚಿಂತೆಯಾಯಿತು. ಅವಳು ಇಷ್ಟು ವರ್ಷ ಕಾಯ್ದದ್ದನ್ನು ಹತ್ತು ನಿಮಿಷದಲ್ಲಿ ಕಳೆದೆನಲ್ಲ ಎಂದು. ಮರುಕ್ಷಣ ಇಲಿ ತಿಂದ ಜಾಕೀಟು ನನ್ನ ಗದ್ದಕ್ಕೆ ಗುದ್ದಿ ಮೇಲಕ್ಕೆ ಎತ್ತಿತು. ತಲೆ ಹೊರಗೆ ಬಂತು, ಗಾಳಿ ಸಿಕ್ಕಿತು. ನಾನು ತೇಲುತ್ತಿದ್ದೆ! ಆದರೆ ನನ್ನ ಹಿಂದೆಯೇ ಮಗುಚಿ ಕಾಕಾರನ್ನೂ ನೀರಿಗೆ ಕೆಡವಿದ್ದ ದೋಣಿ ಕೈಗೆ ಸುತ್ತಿದ ಹಗ್ಗದಿಂದ ನನ್ನನ್ನು ತನ್ನ ಕಡೆಗೆ ಎಳೆಯುತ್ತಿತ್ತು.

"ಕಾಕಾ! ನನಗ ಈಜಾಕ ಬರಂಗಿಲ್ರೀ!"

ಕಾಕಾರ ಮುಖ ಬಿಳಿಚಿಕೊಂಡದ್ದು ನನಗೆ ಸ್ಪಷ್ಟವಾಗಿ ಕಂಡಿತು. ಒಂದೇ ಕಾಲಿನಲ್ಲಿ ನೀರು ಒದೆಯುತ್ತ ಬಂದು ನನ್ನ ಜಾಕೀಟಿನ ಬೆನ್ನು ಹಿಡಿದರು. ಹಡಗಿನ ಭಾಷೆಯನ್ನೆಲ್ಲ ಬಿಟ್ಟು, "ಹಗ್ಗ ಬಿಡವಾ ತಾಯೀ, ಹಗ್ಗ! ಕೈಯಾಗಿನ ಹಗ್ಗ!" ಅಂದರು. ಬೆರಳು ಸಡಿಲಿಸಿದೆ. ಸುತ್ತು ಬಿಚ್ಚಿತು. ಎಳೆತ ನಿಂತಿತು.

ಎಮ್ಮೆಯ ಮುದುಕ ಈಜಿ ಬಂದು ದೋಣಿಗೆ ತನ್ನ ಹಗ್ಗ ಕಟ್ಟಿ ಎಳೆದುಕೊಟ್ಟ. ದಂಡೆಗೆ ಬಂದ ಮೇಲೆ ನನ್ನನ್ನು ನೋಡಿ, "ನನ್ನ ಎಮ್ಮಿ ದಿನಾ ಇದ ನೀರಾಗ ಬೀಳತಾವು, ಒಂದೂ ಹಿಂಗ ಚೀರಂಗಿಲ್ಲ" ಅಂದ. ನಾನು ಕೆಸರಿನಲ್ಲಿ ಅಂಗಾತ ಬಿದ್ದು ಅತ್ತೆ. ಅತ್ತದ್ದು ಹೆದರಿಕೆಗಲ್ಲ. ಬದುಕಿದೆನಲ್ಲ ಎಂದು.

ಕಾಕಾ ಹಾಯಿ ಬಿಚ್ಚಿದರು, ಹಿಂಡಿದರು, ಮಡಿಸಿದರು. ಉಬ್ಬಿಹೋದ ಸ್ಕೇಲನ್ನು ನನ್ನ ಪಕ್ಕದಲ್ಲಿ ಇಟ್ಟರು. ಆಮೇಲೆ ಕೇಳಿದರು, "ಸುಳ್ಳ ಯಾಕ ಹೇಳಿದಿ?" ನಾನು ಎದ್ದು ಸ್ಕೇಲಿನ ಕೆಸರು ಒರೆಸುತ್ತ ಕೂತೆ. "ನಿನಗ ಏನರೆ ಆಗಿದ್ರ ನಾ ಯಾವ ಮಾರಿ ತೋರಸ್ಲಿ? ಮೈ ನಡಗಾಕತ್ತೈತಿ ನಿಂದು. ಖಾನಾಪುರದಾಗ ನಿಮ್ಮ ಮನಿ ಐತೆಲ್ಲ, ಮೊದಲ ಅಲ್ಲಿಗೆ ಹೋಗೂಣು. ನಾ ನಿಮ್ಮವ್ವಗ ಕೈ ಮುಗೀಬೇಕು."

ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮುಳುಗಿದಾಗ ಆಗದಷ್ಟು ಭಯ ಟೆಂಪೋದಲ್ಲಿ ಆಯಿತು.

ಅವ್ವ ಪಡಸಾಲೆಯಲ್ಲಿ ಜೋಳ ಹಸನ ಮಾಡುತ್ತಿದ್ದಳು. ಬಾಗಿಲಲ್ಲಿ ಕೆಸರು ಮೆತ್ತಿದ ಮಗಳು, ಪಕ್ಕದಲ್ಲಿ ಕುಂಟುವ ಅಪರಿಚಿತ ಮುದುಕ. ಮೊರ ಕೆಳಗಿಟ್ಟಳು. ಕಾಕಾ ಕೈಮುಗಿದು ನಿಂತೇ ಎಲ್ಲ ಹೇಳಿದರು, ದೋಣಿ, ಕೆರೆ, ಗಾಳಿ. "ತಪ್ಪ ನಂದ ಐತಿ ವೈನೀ. ಈಜು ಬರತೈತೇನು ಅಂತ ಪರೀಕ್ಷಾ ಮಾಡದ ಕರಕೊಂಡ ಹೋದೆ. ‘ಶೀಟ ಬಿಡು, ಶೀಟ ಬಿಡು’ ಅಂತ ಎರಡ ಸಲ ಒದರಿದೆ. ಈಕಿ ಎದ್ದ ನಿಂತಳು."

ಅವ್ವ ಇಬ್ಬರನ್ನೂ ನೋಡಿದಳು. "ಶೀಟ ಬಿಡು ಅಂದ್ರ ಏಳಬೇಕಲ್ರಿ ಮತ್ತ?"

ಕಾಕಾ ಮುಗಿದ ಕೈ ಇಳಿಸಿದರು. ಈ ಪ್ರಶ್ನೆಯನ್ನು ನೌಕಾಪಡೆಯಲ್ಲಿ ಅವರಿಗೆ ಯಾರೂ ಕೇಳಿರಲಿಲ್ಲ.

ಅವ್ವ ನನ್ನ ಹತ್ತಿರ ಬಂದು ತಲೆ ಮುಟ್ಟಿ ನೋಡಿದಳು. ಕೂದಲೊಳಗೆ ಬೆರಳಾಡಿಸಿದಳು.

"ಪೂರಾ ಮುಳುಗಿದ್ಯಾ?"

"ಪೂರಾ."

"ತಲಿ ಸೈತ?"

"ತಲಿ ಸೈತ."

"ಮತ್ತ ಮ್ಯಾಲ ಬಂದಿ?"

"ಬಂದೆ ಅವ್ವಾ."

ಬಯ್ಗುಳ ಬರುತ್ತದೆ, ಇಲ್ಲವಾದರೆ ಅಳು ಬರುತ್ತದೆ ಎಂದು ಕಾಯುತ್ತ ನಿಂತೆ. ಅವ್ವ ಅಲ್ಲಿಯೇ ಕುಸಿದು ಕೂತಳು. ಕೂತು, ನಾನು ಹುಟ್ಟಿದಂದಿನಿಂದ ಹಿಡಿದಿಟ್ಟ ಉಸಿರನ್ನೆಲ್ಲ ಒಮ್ಮೆಲೇ ಬಿಟ್ಟಂತೆ ಬಿಟ್ಟಳು. "ಹಾದ ಹೋತು. ಒಮ್ಮೆ ಕರೀತೈತಿ ಅಂದಿದ್ದ ಅಂವ. ಒಮ್ಮೆ. ಕರೀತು, ಹೋದಿ, ಬಂದಿ. ಆತು ಬಿಡು, ಹಾದ ಹೋತು." ಕಣ್ಣೀರು ಇಳಿಯುತ್ತಿತ್ತು, ಮುಖದಲ್ಲಿ ನಗುವಿತ್ತು. 'ಒಮ್ಮೆ' ಎಂಬ ಆ ಮಾತನ್ನು ಅವಳು ಇಪ್ಪತ್ಮೂರು ವರ್ಷ ಹೀಗೆ ಭದ್ರವಾಗಿ ಇಟ್ಟುಕೊಂಡಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ನನಗೆ ಕಂಟಕವಿತ್ತೋ ಇಲ್ಲವೋ, ಅವಳಿಗಂತೂ ಇತ್ತು. ಅದು ಅವತ್ತು ಕಳೆಯಿತು.

ಸೆರಗಿನಿಂದ ಮುಖ ಒರೆಸಿಕೊಂಡು ಅವ್ವ ಕಾಕಾರಿಗೆ, "ಅಣ್ಣಾರ, ಯಾಕ ನಿಂತೀರಿ, ಕುಂದರ್ರಿ. ಚಹಾ ಮಾಡತೇನಿ. ಇನ್ನ ಬೇಕಾದ್ರ ದಿನಾ ಒಯ್ರಿ ಈಕಿನ್ನ. ಮೊದಲ ಈಜಾಕ ಕಲಸ್ರಿ, ಆಮ್ಯಾಲ ಒಯ್ರಿ" ಅಂದಳು. ಏಳು ವರ್ಷ ಜೊತೆಗಾರರಿಲ್ಲದೆ ಕಾಯ್ದಿದ್ದ ಕಾಕಾ ಆ ಮಾತು ಕೇಳಿ ಒದ್ದೆ ಬಟ್ಟೆಯಲ್ಲೇ ನಮ್ಮ ಹಾಸಿಗೆಯ ಮೇಲೆ ಕೂತುಬಿಟ್ಟರು. ಅವ್ವ ಅದನ್ನು ನೋಡಿಯೂ ಚಹಾಕ್ಕೆ ನೀರಿಡಲು ಒಳಗೆ ಹೋದಳು.

ನಾನು ಸೀರೆ ಬದಲಿಸಿ ಬರುವಷ್ಟರಲ್ಲಿ ಅವ್ವ ಹಿತ್ತಲಿನಿಂದ ಕರೆದಳು. ಹೋಗಿ ನೋಡಿದರೆ ಬಾವಿಯ ಮೇಲಿನ ಒರಳುಕಲ್ಲನ್ನು ಒಬ್ಬಳೇ ಉರುಳಿಸಿ ಕೆಳಗಿಳಿಸಿದ್ದಳು. ಆ ಶಕ್ತಿ ಎಲ್ಲಿಂದ ಬಂತೋ. "ಆ ಕಡೆ ಹಿಡಿ" ಅಂದಳು. ತುಕ್ಕು ಹಿಡಿದ ತಗಡಿನ ಶೀಟನ್ನು ಇಬ್ಬರೂ ಎರಡು ತುದಿ ಹಿಡಿದು ಎತ್ತಿದೆವು. ಪಕ್ಕಕ್ಕೆ ಸರಿದು ಗೋಡೆಯ ಬಳಿ ನಿಂತೆವು. ಅವ್ವನ ಕಣ್ಣು ನನ್ನ ಹಿಂದೆ ತೆರೆದುಕೊಂಡಿದ್ದ ಬಾವಿಯ ಮೇಲಿತ್ತು. ಬೆರಳುಗಳು ತಗಡಿನ ಅಂಚಿನ ಮೇಲೆ ಬೆಳ್ಳಗಾಗಿದ್ದವು. ಸೇತುವೆ ದಾಟುವಾಗ ನನ್ನ ರಟ್ಟೆ ಹಿಡಿಯುತ್ತಿದ್ದವಲ್ಲ, ಅವೇ ನಾಲ್ಕು ಬೆರಳು.

"ಅವ್ವಾ, ಶೀಟ ಬಿಡು" ಅಂದೆ.

ಅವಳು ನಕ್ಕಳು. "ಮೊದಲ ನೀ ಬಿಡು."

ಇಬ್ಬರೂ ಒಟ್ಟಿಗೇ ಬಿಟ್ಟೆವು. ಬಿದ್ದ ಸದ್ದಿಗೆ ಓಣಿಯ ಕಾಗೆಗಳೆಲ್ಲ ಎದ್ದವು, ಒಳಗಿನಿಂದ ಕಾಕಾ, "ಏನ ಬಿತ್ರಿ?" ಎಂದು ಕೂಗಿದರು. ಅವ್ವ ಆಗಲೇ ಬಾವಿಯ ಕಟ್ಟೆಗೆ ಕೈಯೂರಿ ಒಳಗೆ ಬಗ್ಗಿ ನೋಡುತ್ತಿದ್ದಳು. ತಲೆ ಎತ್ತದೆಯೇ ನನ್ನನ್ನು ಹತ್ತಿರ ಕರೆದಳು.

"ಬಾ ಇಲ್ಲಿ. ನೀರ ಚಲೋ ಐತಿ ನೋಡು."